ಕಿವಿ ಹಿಂಡಿಸಿಕೊಂಡವನ ತೀರ್ಪು

ಹೆಡ್‌ಫೋನುಗಳಲ್ಲಿ ಮೂರು ಜಾತಿ. ಕಿವಿಯೊಳಗೆ ತೂರಿಕೊಳ್ಳುವುದು ಒಂದು, ಇಡೀ ಕಿವಿಯನ್ನೇ ನುಂಗುವುದು ಇನ್ನೊಂದು. ಒಳಕ್ಕೂ ಹೋಗದೆ, ಪೂರ್ತಿ ಮುಚ್ಚಲೂ ಮುಚ್ಚದೆ, ಕಿವಿಯ ಮೇಲೇ ಬಂದು ಕೂರುವುದು ಮೂರನೆಯದು. ಅಂಗಡಿಯವರು ಇದನ್ನು ಆನ್-ಇಯರ್ ಅನ್ನುತ್ತಾರೆ. ನಾನು ಪರೀಕ್ಷೆಗೆ ಎತ್ತಿಕೊಂಡದ್ದು ಇದನ್ನೇ. ಮೊದಲನೆಯದು ನನ್ನ ಕಿವಿಯಲ್ಲಿ ನಿಲ್ಲುವುದಿಲ್ಲ. ಎರಡನೆಯದರ ಬೆಲೆ ನನ್ನ ಹೆಂಡತಿಯ ಕಿವಿಗೆ ಬೀಳುವಂತಿಲ್ಲ.

ಪರೀಕ್ಷಕನ ಹುದ್ದೆಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ. “ಅಪ್ಪ, ಯಾವುದಾದ್ರೂ ಒಂದು ತಗೊಳ್ಳಿ, ಎಲ್ಲಾ ಒಂದೇ” ಅಂತ ಮಗ ಹೇಳಿದ. ಎಲ್ಲಾ ಒಂದೇ ಅನ್ನುವ ಮಾತು ವೇದಾಂತಕ್ಕೆ ಸರಿ, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಅಂಗಡಿಯ ಹುಡುಗ ಮೊದಲು ಅಗ್ಗದ್ದನ್ನು ತಲೆಗೇರಿಸಿದ. ಆಮೇಲೆ ದುಬಾರಿಯದನ್ನು ಏರಿಸಿ, “ಬೇಸ್ ನೋಡಿ ಸಾರ್, ಬೇಸ್!” ಅಂದ. ನಿಜಕ್ಕೂ ಎದೆ ಗುದ್ದಿತು. ಪರ್ಸಿಗೆ ಕೈ ಹೋಗುವಷ್ಟರಲ್ಲಿ ಅವನ ಹೆಬ್ಬೆರಳು ಕಣ್ಣಿಗೆ ಬಿತ್ತು; ಎರಡನೆಯ ಸಲ ಮೊಬೈಲಿನ ವಾಲ್ಯೂಮ್ ಮೂರು ಮೆಟ್ಟಿಲು ಮೇಲಿತ್ತು.

ಇದರ ಗುಟ್ಟು ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದ್ದರು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಮಂದ್ರದ ಸ್ವರಗಳು ಇದ್ದುದಕ್ಕಿಂತ ಸೊರಗಿ ಕೇಳುತ್ತವೆ, ಸದ್ದು ಏರಿಸಿದರೆ ಅವೂ ಮೈ ತುಂಬಿಕೊಳ್ಳುತ್ತವೆ. ಹಾಗಾಗಿ ಎರಡು ಹೆಡ್‌ಫೋನುಗಳಲ್ಲಿ ಯಾವುದು ಜೋರೋ ಅದೇ ಒಳ್ಳೆಯದು ಅಂತ ಕಿವಿ ಷರಾ ಬರೆದುಬಿಡುತ್ತದೆ. ಆ ಹುಡುಗ ಫ್ಲೆಚರನ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಗಿರಾಕಿಯ ಕಿವಿ ಮೇಲೆ ಹೂವಿಡುವ ಶಾಸ್ತ್ರ ಅವನಿಗೆ ಕರಗತವಾಗಿತ್ತು.

ಅಲ್ಲಿಂದ ಬರಿಗೈಯಲ್ಲಿ ಎದ್ದು ಬಂದೆ. ನಮ್ಮ ಅಪಾರ್ಟ್‌ಮೆಂಟಿನ ಹುಡುಗರ ಹತ್ತಿರ ಕಡ ಕೇಳಿ, ಕಾಲೇಜಿಗೆ ಹೋಗುವವರದ್ದು, ಕೆಲಸ ಹುಡುಕುವವರದ್ದು, ಕೆಲಸ ಸಿಕ್ಕಿಯೂ ಮನೆಯಲ್ಲೇ ಇರುವವರದ್ದು, ಹೀಗೆ ಒಂದು ರಾಶಿ ಹೆಡ್‌ಫೋನ್ ತಂದು ಹಾಲಿನಲ್ಲಿ ಸುರಿದುಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ‘ನಾದ’, ‘ಆರಾಮ’ ಅಂತ ಎರಡು ಕಲಂ ಮಾಡಿದೆ.

ನಾದದ ಪರೀಕ್ಷೆಗೆ ಮಲ್ಲಿಕಾರ್ಜುನ ಮನ್ಸೂರರನ್ನು ಕರೆತಂದೆ. ಅವರು ಬಾಯಿ ತೆರೆಯುವ ಮುಂಚಿನ ತಂಬೂರಿ ಇದೆಯಲ್ಲ, ಅದಕ್ಕಿಂತ ಕಠಿಣವಾದ ಪ್ರಶ್ನೆಪತ್ರಿಕೆ ಇಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸಿ ಜವಾರಿ ಹೊಂದಿಸಿರುತ್ತಾರೆ. ಒಂದು ತಂತಿ ಮೀಟಿದರೆ ಅದರ ಮೇಲಿನ ಸ್ವರಗಳೆಲ್ಲ ಒಂದರ ಹಿಂದೊಂದು ಎದ್ದು ಬರಬೇಕು. ಕಳಪೆ ಹೆಡ್‌ಫೋನಿನಲ್ಲಿ ಅದು ಮಿಕ್ಸಿ ಗುರುಗುಟ್ಟಿದಂತೆ ಕೇಳುತ್ತದೆ. ‘ಬೇಸ್’ ಎಂದು ಡಬ್ಬದ ಮೇಲೆ ಬೆಂಕಿಯ ಅಕ್ಷರದಲ್ಲಿ ಬರೆದುಕೊಂಡಿದ್ದ ಒಂದರಲ್ಲಂತೂ ತಬಲದವರು ಮುಂದೆ ಕೂತು, ಮನ್ಸೂರರು ಪಕ್ಕದ ಕೋಣೆಯಿಂದ ಹಾಡುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಗೌರವಸ್ಥ ವಿಮರ್ಶಕನಾಗಿ ಉಳಿಯುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಒಂದು ತಟ್ಟೆ ಚಕ್ಕುಲಿ ತಂದಿಟ್ಟಳು.

ಮೊದಲ ಕಡಿತಕ್ಕೇ ಮನ್ಸೂರರ ಶಿವಮತ ಭೈರವ ರಾಗ ಕುಸಿದುಬಿತ್ತು. ಕಡಿದ ಸದ್ದು ದವಡೆಯ ಮೂಳೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತದೆ. ಕಿವಿ ತೆರೆದಿದ್ದರೆ ಅದರ ಒಂದಷ್ಟು ಪಾಲು ಹೊರಗೆ ಸೋರಿಹೋಗುತ್ತದೆ. ಮೇಲೆ ಮುಚ್ಚಳ ಬಿದ್ದರೆ ಸೋರಲು ದಾರಿಯಿಲ್ಲದೆ ಒಳಗೇ ಮೊಳಗುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ದವಡೆ ಆಡಿದಾಗ ಕಿವಿಯೂ ಒಂದಿಷ್ಟು ಆಡುತ್ತದೆ, ಕುಶನ್ನಿನ ಅಂಚು ಎದ್ದು ಸಂದಾಗುತ್ತದೆ, ಆ ಸಂದಿನಿಂದ ಬೇಸ್ ಪರಾರಿಯಾಗುತ್ತದೆ. ಹಾಗಾಗಿ ಚಕ್ಕುಲಿ ಅಗಿದಾಗ ತಬಲದ ಡಗ್ಗ ಮಾಯ, ಅಗಿಯುವುದು ನಿಲ್ಲಿಸಿದರೆ ಡಗ್ಗ ಹಾಜರ್. ಸಮ್‌ಗೆ ಸರಿಯಾಗಿ ನಿಲ್ಲಿಸಿದರೆ ಸಮ್ ಸಿಗುತ್ತದೆ, ತಪ್ಪಿದರೆ ಆವರ್ತನವೇ ಹೋಯಿತು. ನಾನು ತಾಳಕ್ಕೆ ಸರಿಯಾಗಿ ಅಗಿಯಲು ಶುರು ಮಾಡಿದೆ. ವಿಲಂಬಿತದಲ್ಲಿ ಸಲೀಸು. ಲಯ ಏರಿದಂತೆ ಚಕ್ಕುಲಿಯ ವೇಗವೂ ಏರಬೇಕಾಯಿತು. ತಾನುಗಳು ಬಂದಾಗ ಬಾಯಲ್ಲಿ ಎರಡು ಸುತ್ತು ಚಕ್ಕುಲಿ, ಕಣ್ಣಲ್ಲಿ ನೀರು. ಶಾಸ್ತ್ರವನ್ನು ಅರ್ಧಕ್ಕೆ ಬಿಡಬಾರದಲ್ಲ, ‘ಕುರುಕಲು’ ಅಂತ ಮೂರನೆಯ ಕಲಂ ಎಳೆದು ಕೋಡುಬಳೆ, ನಿಪ್ಪಟ್ಟು, ಹುರಿಗಡಲೆಗಳನ್ನೂ ಒಂದೊಂದಾಗಿ ಸಭೆಗೆ ಕರೆದೆ. ಕೋಡುಬಳೆ ಮುರಿಯುವ ಗಳಿಗೆಯಲ್ಲಿ ಮಾತ್ರ ಗದ್ದಲ, ಆಮೇಲೆ ಸಭ್ಯ. ನಿಪ್ಪಟ್ಟಿನದು ಕೊನೆಯವರೆಗೂ ಕಿರಿಕಿರಿ. ಹುರಿಗಡಲೆ ದ್ರುತ್ ತೀನ್‌ತಾಲಕ್ಕೆ ಹೇಳಿಮಾಡಿಸಿದ್ದು. ಬಾಳೆಹಣ್ಣು ಮಾತ್ರ ಸಂಗೀತಕ್ಕೆ ಯಾವ ಅಡ್ಡಿಯನ್ನೂ ಮಾಡಲಿಲ್ಲ. ಅದಕ್ಕೆ ಪೂರ್ತಿ ಅಂಕ ಕೊಟ್ಟು ಎರಡು ಗೆರೆ ಎಳೆದೆ. “ಏನ್ರೀ, ಹಾಡು ಕೇಳ್ತಿದ್ದೀರೋ ಮದುವೆ ಮನೆ ತಿಂಡಿ ರುಚಿ ನೋಡ್ತಿದ್ದೀರೋ?” ಅಂತ ಹೆಂಡತಿ ಕೇಳಿದ್ದು ಅವಳ ತುಟಿ ನೋಡಿ ಅರ್ಥವಾಯಿತು. ಉತ್ತರವನ್ನು ನಾನು ಎಷ್ಟು ಜೋರಾಗಿ ಕೊಟ್ಟೆನೆಂದರೆ ಕೆಳಗಿನ ಮನೆಯವರು ಫೋನ್ ಮಾಡಿದರು.

ಆರಾಮದ ವಿಷಯ ಬೇರೆ. ಅದು ಸಾವಕಾಶವಾಗಿ ಸತ್ಯ ಹೇಳುತ್ತದೆ. ತಲೆಗೇರಿಸಿದ ಹೊಸದರಲ್ಲಿ ಎಲ್ಲವೂ ಹತ್ತಿಯೇ. ಅರ್ಧ ಗಂಟೆ ಕಳೆಯಲಿ, ಕಿವಿಯ ಮೃದು ಎಲುಬು ಒಂದು ಕಡೆ, ಕನ್ನಡಕದ ಕಡ್ಡಿ ಇನ್ನೊಂದು ಕಡೆ, ನಡುವೆ ಸಿಕ್ಕಿದ ಚರ್ಮ ಬಿಸಿಯಾಗಿ ಉರಿಯುತ್ತದೆ. ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಹಿಂಡುತ್ತಿದ್ದ ಜಾಗ ಅದೇ. ಬಿಗಿ ಸಡಿಲಿಸಲು ರಾತ್ರಿಯೆಲ್ಲ ದಪ್ಪ ಪುಸ್ತಕಕ್ಕೆ ತೊಡಿಸಿಡಬೇಕೆಂದು ಬಲ್ಲವರು ಹೇಳುತ್ತಾರೆ. ಸಾಹಿತ್ಯ ಪರಿಷತ್ತಿನ ನಿಘಂಟಿನ ಒಂದು ಸಂಪುಟಕ್ಕೆ ತೊಡಿಸಿ ಮಲಗಿದೆ. ಬೆಳಿಗ್ಗೆ ಮಗ ಅದನ್ನು ನೋಡಿ, “ಅಪ್ಪ, ನಿಘಂಟಿಗೂ ಹಾಡು ಕೇಳಿಸ್ತಿದ್ದೀರಾ?” ಅಂದ.

ಆದರೆ ಬಿಗಿ ತೀರಾ ಸಡಿಲವಾದರೆ ಕುಶನ್ ಕಿವಿಗೆ ಕೂರುವುದಿಲ್ಲ, ಬೇಸ್ ಸೋರುತ್ತದೆ. ಈ ಜಗಳ ಇನ್ನೂ ಬಗೆಹರಿದಿಲ್ಲ. ನಾಥನೇಲ್ ಬಾಲ್ಡ್ವಿನ್ ಎಂಬಾತ 1910ರಲ್ಲಿ ಯೂಟಾದ ತನ್ನ ಮನೆಯ ಅಡುಗೆಕೋಣೆಯಲ್ಲಿ ಹೆಡ್‌ಫೋನ್ ಮಾಡಿ ಅಮೆರಿಕದ ನೌಕಾಪಡೆಗೆ ಮಾರಿದ್ದನಂತೆ. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಬೆನ್ನು ತೆರೆದ ಹಗುರದ್ದೊಂದನ್ನು ತಂದಿತು. 1979ರ ವಾಕ್‌ಮನ್ ಜೊತೆ ಸೋನಿ ಕೊಟ್ಟದ್ದು 50 ಗ್ರಾಂ ಆಸುಪಾಸಿನದು. ಒಬ್ಬೊಬ್ಬರೂ ಒಂದಿಷ್ಟು ತೂಕ ಇಳಿಸುತ್ತಾ ಬಂದರು. ಕಿವಿ ಮಾತ್ರ ಹಿಂದಿನದೇ, ಕನ್ನಡಕವೂ ಹಾಗೇ.

ಈ ಗಲಾಟೆಯ ಮಧ್ಯೆ ದೊಡ್ಡಪ್ಪ ಊರಿಂದ ಬಂದರು. ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಜೀವಮಾನ ಕಳೆದವರು. ಅವರಿಗೂ ಒಂದು ಹೆಡ್‌ಫೋನ್ ತೊಡಿಸಿ, ನನ್ನ ಪ್ರಕಾರ ಅತಿ ಉತ್ತಮವಾದ ನಾದವನ್ನು ಹಾಕಿ, ಪ್ರಶಂಸೆಗಾಗಿ ಮುಖ ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ಬಿಟ್ಟು, “ಹಾಕಿದ್ಯೇನೋ ಹಾಡು?” ಅಂತ ಕೇಳಿದರು. ಹಾಕಿ ಆಗಲೇ ಐದು ನಿಮಿಷವಾಗಿತ್ತು. ವಾಲ್ಯೂಮ್ ಏರಿಸಲು ಹೋದ ನನ್ನ ಕೈ ಹಿಡಿದು, “ಬೇಡ ಬಿಡು, ಮೆತ್ತಗಿದೆ, ಬೆಚ್ಚಗಿದೆ” ಅಂದರು. ಆರಾಮದ ಕಲಮಿನಲ್ಲಿ ಅದಕ್ಕಿಂತ ನಿಷ್ಠುರವಾದ ಷರಾ ನಾನು ಬರೆದಿಲ್ಲ. ಜೋರು ಸದ್ದಿಗೆ ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿಸಿದರೆ 4 ಗಂಟೆಗೇ ಮುಗಿಯಿತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡಪ್ಪನಿಗೆ ಮಗ್ಗದ ಸದ್ದು ಸಂಬಳದ ಜೊತೆಗೆ ಬಂದದ್ದು, ಬೇಡ ಅನ್ನುವ ಹಾಗಿರಲಿಲ್ಲ. ನಾವು ದುಡ್ಡು ಕೊಟ್ಟು, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಂಡು ತರುತ್ತೇವೆ.

ಹಾಗಂತ ಹೆಡ್‌ಫೋನೇ ಬೇಡವೆಂದು ಮೆಟ್ರೋದಲ್ಲಿ ಮೊಬೈಲಿನ ಸ್ಪೀಕರಿನಿಂದ ಇಡೀ ಬೋಗಿಗೆ ರೀಲ್ಸ್ ಕೇಳಿಸುವ ಮಹಾನುಭಾವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅವರು ಯಾವುದನ್ನಾದರೂ ಕೊಳ್ಳಲಿ, ನಾದ ಹೇಗೇ ಇರಲಿ, ಬೇಕಾದರೆ ಚಂದಾ ಎತ್ತಿ ಕೊಡಿಸೋಣ.

ಮಿಕ್ಕವರು ಅಂಗಡಿಯವನ ಕೈಗೆ ವಾಲ್ಯೂಮ್ ಕೊಡಬೇಡಿ. ಎರಡನ್ನೂ ಒಂದೇ ಸದ್ದಿಗೆ ಹೊಂದಿಸಿ, ನೀವು ಚೆನ್ನಾಗಿ ಬಲ್ಲ ಹಾಡನ್ನೇ ಹಾಕಿ, ಕನ್ನಡಕ ತೆಗೆಯದೆ ಅರ್ಧ ಗಂಟೆ ಕೂತು ನೋಡಿ. ಅಷ್ಟು ಹೊತ್ತು ಕೂರಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ನಾನು ಕೊನೆಗೆ ಕೊಂಡದ್ದು ನಡುಬೆಲೆಯದು: ನಾದಕ್ಕೆ 45, ಆರಾಮಕ್ಕೆ 70, ಎರಡನೆಯ ದರ್ಜೆಯಲ್ಲಿ ಪಾಸ್.