ಹಳೇ ಮನೆ: ಬಾಡಿಗೆಗೋ, ಮಾರಾಟಕ್ಕೋ? ಬಳಕೆದಾರರ ಕೈಪಿಡಿ

ಈ ಕೈಪಿಡಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಹುಟ್ಟಿದ ಮನೆ ಬಿಟ್ಟು ಬೆಂಗಳೂರಿನಲ್ಲಿ ಇಎಂಐ ಕಟ್ಟುತ್ತಿರುವವರಿಗೆ. ಓದುವ ಮುನ್ನ ಒಡಹುಟ್ಟಿದವರನ್ನೆಲ್ಲ ಒಂದೇ ಜಗುಲಿಯ ಮೇಲೆ ಕೂರಿಸಿ. ಕೂರಲಿಲ್ಲವೇ? ಇಲ್ಲಿಗೇ ಮುಚ್ಚಿಡಿ.

ಸಾಧನದ ವಿವರ: ಕಲ್ಲುಚಪ್ಪಡಿಯ ಮಾಳಿಗೆ, ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಕಾವು ಇಳಿಯದು. ಅಡುಗೆಮನೆ ನೆಲದಲ್ಲಿ ಹೂತ ಒರಳು. ಹಿತ್ತಲ ಹುಣಸೆಮರದ ಹಣ್ಣು ಪಕ್ಕದ ಮನೆಯವರಿಗೆ, ಗುಡಿಸುವ ಎಲೆ ನಿಮಗೆ. ಕರೆಂಟ್ ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಿಗೇ ಬರುತ್ತಿದೆ.

ಹಂತ 1. ಆ ಬಿಲ್ಲಿನಿಂದಲೇ ಶುರುಮಾಡಿ, ಮನೆಯ ದಾಖಲೆಯೂ ಅಜ್ಜನ ಹೆಸರಲ್ಲೇ ಇದ್ದೀತು. ಪಟ್ಟಣದ ಮನೆಯಾದರೆ ಇ-ಖಾತೆ ಬೇಕು, ಹಳ್ಳಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವಿಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿ ಫಲವಿಲ್ಲ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. 'ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟು ಸಹಿ ಹಾಕಿಸ್ಕೊಂಡ್ರಾಯ್ತು' ಎನ್ನುವ ಅಣ್ಣನನ್ನು ಹೊರಗೆ ಕಳಿಸಿ ಮುಂದುವರಿಯಿರಿ.

ಹಂತ 2. ಬಾಡಿಗೆ. ಮೊದಲಲ್ಲಿ ಹೆಸರಿಸಿದ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಾಗಾಗಿ ವರ್ಗವಾಗಿ ಬರುವ ಮೇಷ್ಟ್ರುಗಳಿಗೆ ಬರವಿಲ್ಲ, ಅವರಿಗೆ ಕೊಡಿ. ಕರಾರು 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. 'ಆ ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ, ಅಪ್ಪನ ಫೋಟೊ ಇತ್ತು' ಎಂದು ಷರತ್ತು ಹಾಕುವ ಆಸೆಯಾದರೆ ನೀವು ಬಾಡಿಗೆದಾರರನ್ನಲ್ಲ, ಕಾವಲುಗಾರರನ್ನು ಹುಡುಕುತ್ತಿದ್ದೀರಿ. ಅವರಿಗೆ ಸಂಬಳ ನೀವೇ ಕೊಡಬೇಕಾಗುತ್ತದೆ.

ಬಿಟ್ಟುಕೊಟ್ಟೂ ಇಟ್ಟುಕೊಳ್ಳುವ ಪಾಠಕ್ಕೆ ಪಾವಗಡದ ತಿರುಮಣಿ ಕಡೆ ಹೋಗಿಬನ್ನಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ರೈತರು ಹೊಲ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಪಹಣಿಯಲ್ಲಿ ಹೆಸರು ಅವರದ್ದೇ, ಬೇಲಿಯೊಳಗೆ ಕಡಲೆಕಾಯಿ ಬಿತ್ತುವಂತಿಲ್ಲ. ಸ್ವಂತ ಆಸ್ತಿಯನ್ನು ಹೊರಗೆ ನಿಂತು ನೋಡುವ ಎದೆ ಇದ್ದವರು ಮಾತ್ರ ಬಾಡಿಗೆಗೆ ಕೊಡಬೇಕು ಎಂಬುದು ನನ್ನ ಮತ.

ಎಚ್ಚರಿಕೆ: ಭೋಗ್ಯಕ್ಕೆ ಹಾಕಬೇಡಿ. ಇಡಿಗಂಟು ಮಗಳ ಮದುವೆಗೆ ಕರಗುತ್ತದೆ, ಮೂರು ವರ್ಷಕ್ಕೆ ಭೋಗ್ಯದವರು ಹಣ ಕೇಳುತ್ತಾರೆ, ಆಗ ಅವರು ಹೇಳಿದ ರೇಟಿಗೇ ಮನೆ ಬರೆದುಕೊಡುತ್ತೀರಿ. ಮಾರಾಟವೇ ಅದು, ಸ್ವಲ್ಪ ನಿಧಾನ.

ಹಂತ 3. ಮಾರಾಟ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿದೆ. ಕಟ್ಟುವುದು ಕೊಳ್ಳುವವರು, ಚೌಕಾಸಿಯಲ್ಲಿ ಕಳೆಯುವುದು ನಿಮ್ಮ ಬೆಲೆಯಿಂದ. ಬಂದ ಲಾಭಕ್ಕೆ ತೆರಿಗೆಯುಂಟು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿ. ಲೆಕ್ಕ ಆಡಿಟರ್‌ಗೆ ಬಿಡಿ.

ದೋಷ ಪರಿಹಾರ: ಬೀಗ ಹಾಕಿ 'ನೋಡೋಣ' ಅನ್ನುತ್ತಿದ್ದೀರಾ? ಜಂತಿಗೆ ಗೆದ್ದಲು ಹಿಡಿದಿದೆಯೇ ಮೊದಲು ನೋಡಿ.

ಮಾರಿದ ಮೇಲೂ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಹೋದಾಗ ಕಾರು ತಾನಾಗಿ ಆ ಬೀದಿಗೇ ತಿರುಗುತ್ತದೆಯೇ? ಇದು ದೋಷವಲ್ಲ. ಹೊಸ ಯಜಮಾನರು ಕಾಫಿಗೆ ಕರೆದರೆ ಹೋಗಿ. ಗೋಡೆಯ ಬಣ್ಣದ ಬಗ್ಗೆ, ಕೇಳಿದರೆ ಮಾತ್ರ, ಚೆನ್ನಾಗಿದೆ ಅನ್ನಿ.