ಫಾರ್ಮ್ ಹೋದ ರಾಯರು

ಮೈಸೂರಿನ ಯಾವ ಟೆನಿಸ್ ಕೋರ್ಟಿಗಾದರೂ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ, ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ಎರಡು ಮೊಣಕಾಲಿಗೂ ನೀಕ್ಯಾಪು, ಮೊಣಕೈಗೊಂದು ಪಟ್ಟಿ, ಹಣೆಗೊಂದು ಪಟ್ಟಿ. ಆಟಕ್ಕೆ ಬಂದವರೋ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರೋ ಹೇಳುವುದು ಕಷ್ಟ. ವೀಣೆಗೆ ಶ್ರುತಿ ಕೂಡಿಸುವವರಂತೆ ರಾಕೆಟ್ಟಿನ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸುತ್ತಿರುತ್ತಾರೆ. "ಏನ್ ಸಾರ್, ಆಟ ಹೇಗಿದೆ?" ಅಂದಿರೋ, ನಿಮ್ಮ ಬೆಳಗು ಅಲ್ಲಿಗೆ ಮುಗಿಯಿತು.

"ಫಾರ್ಮ್ ಹೋಗ್ಬಿಟ್ಟಿದೆ ಸಾರ್."

ಇವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಆಗಿರಬಹುದು, ನೀರಾವರಿ ಇಲಾಖೆಯ ಇಂಜಿನಿಯರ್ ಆಗಿರಬಹುದು, ಹಲ್ಲಿನ ಡಾಕ್ಟರಾಗಿರಬಹುದು. ಕಾಯಿಲೆ ಒಂದೇ. ಅನುಕೂಲಕ್ಕೆ ರಾಯರು ಎನ್ನೋಣ.

ರಾಯರ ಫಾರ್ಮು ಯಾವಾಗ ಹೋಯಿತು ಎಂಬುದಕ್ಕೆ ದಾಖಲೆಯಿಲ್ಲ. ಇದ್ದಾಗ ಕಂಡವರೂ ಇಲ್ಲ. ಕೋರ್ಟಿಗೆ ನೀರು ಹಾಕಿ, ಗೆರೆ ಎಳೆದು, ಜೊತೆ ಸಿಗದವರ ಜೊತೆ ಆಡುವ ಮಾರ್ಕರ್ ತುಂಬಾ ವರ್ಷದಿಂದ ಅಲ್ಲೇ ಇದ್ದಾನೆ. ಅವನನ್ನು ಕೇಳಿದರೆ, "ನಾ ಸೇರ್ಕೊಳೋಕ್ ಮುಂಚೇನೇ ಹೋಗಿತ್ತಂತೆ ಸಾ" ಅನ್ನುತ್ತಾನೆ. ನನ್ನ ಗುಮಾನಿ ಏನೆಂದರೆ, ರಾಯರಿಗೆ ಅದು ವಾಪಸು ಬರುವುದು ಬೇಕಿಲ್ಲ. ಫಾರ್ಮ್ ಹೋಗಿದೆ ಎನ್ನುವವನಿಗೆ ಒಂದು ಕಾಲದಲ್ಲಿ ಫಾರ್ಮ್ ಇತ್ತು ಎಂದು ಜಗತ್ತು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ನಾಳೆ ಅದು ಬಂದು, ಆಮೇಲೂ ರಾಯರು 6-1ರಲ್ಲಿ ಸೋತರೆ ಏನು ಗತಿ?

ಕೋಪ ಮಾತ್ರ ಅಪ್ಪಟವಾದದ್ದು. ಡಬಲ್ ಫಾಲ್ಟ್ ಆದ ಕೂಡಲೇ ಮೊದಲು ಚೆಂಡನ್ನು ಹಿಸುಕಿ ನೋಡುತ್ತಾರೆ. ಆಮೇಲೆ ಸೂರ್ಯನನ್ನು. ಆಮೇಲೆ ಪಾರ್ಟ್ನರನ್ನು. ತೀರಾ ತಡೆಯಲಾಗದಿದ್ದರೆ ರಾಕೆಟ್ ಎಸೆಯುತ್ತಾರೆ, ಆದರೆ ಅದರ ಬೆಲೆ ನೆನಪಿಟ್ಟುಕೊಂಡು, ನೆಟ್ಟಿನ ಮೆತ್ತನೆ ಜಾಗ ನೋಡಿಯೇ. ಹೀಗಾಗಿ ಚೆಂಡೂ ನೆಟ್ಟಿಗೆ, ರಾಕೆಟ್ಟೂ ನೆಟ್ಟಿಗೆ.

ಮದ್ದು ಮಾಡದೆ ಬಿಟ್ಟವರಲ್ಲ. ತಿಮೋತಿ ಗಾಲ್ವೇ 1974ರಲ್ಲಿ ಬರೆದ ಟೆನಿಸ್ಸಿನ ಒಳಾಟದ ಪುಸ್ತಕ ತರಿಸಿ ಓದಿದರು. ನಮ್ಮೊಳಗೆ ಬೈಯುವವನೊಬ್ಬ, ಆಡುವವನೊಬ್ಬ ಇದ್ದಾರೆ, ಬೈಯುವವನನ್ನು ಸುಮ್ಮನಿರಿಸಿದರೆ ಆಡುವವನು ತಾನೇ ಆಡುತ್ತಾನೆ ಎಂಬುದು ಅದರ ಸಾರ. ರಾಯರೊಳಗೆ ಬೈಯುವವನು ಆಡುವವನನ್ನು ಖಾಲಿ ಮಾಡಿಸಿ ಪೂರ್ತಿ ಮನೆಗೆ ತಾನೇ ಬಾಡಿಗೆ ಬಂದಿದ್ದಾನೆ.

2024ರಲ್ಲಿ ಫೆಡರರ್ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಭಾಷಣ ಮಾಡಿದಾಗ ರಾಯರಿಗೆ ಸ್ವಲ್ಪ ಜೀವ ಬಂತು. ತಾನು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ಶೇ. 80 ಗೆದ್ದರೂ, ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ. 54 ಮಾತ್ರ ಎಂದ ಆ ಮಹಾನುಭಾವ. ಸೋತ ಪಾಯಿಂಟನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಿ ಅನ್ನುವುದಕ್ಕೆ ಹೇಳಿದ ಮಾತು ಅದು. ರಾಯರು ಹಳೇ ಡೈರಿಯಲ್ಲಿ ಕೂಡಿ ಕಳೆದು ತಮ್ಮದು ಶೇ. 44 ಎಂದು ಕಂಡುಹಿಡಿದರು. "ನನಗೂ ಫೆಡರರ್‌ಗೂ ಇರೋ ವ್ಯತ್ಯಾಸ ಬರೀ ಹತ್ತು ಪರ್ಸೆಂಟು ಸಾರ್!"

ನಮ್ಮ ಕೊಡಗಿನ ರೋಹನ್ ಬೋಪಣ್ಣನವರ ಕಥೆಯನ್ನೂ ಯಾರೋ ಹೇಳಿದರು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವೂ ಗೆಲ್ಲದೆ ಆಟವನ್ನೇ ಬಿಟ್ಟುಬಿಡೋಣವೇ ಎಂದುಕೊಂಡಿದ್ದವರು, 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು. ಮಂಡಿನೋವಿಗೆ ಅಯ್ಯಂಗಾರ್ ಯೋಗ ಹಿಡಿದದ್ದರಿಂದ ಎಷ್ಟೋ ಅನುಕೂಲವಾಯಿತಂತೆ. ರಾಯರು ಗಂಭೀರವಾಗಿ ಯೋಚಿಸಿ, "ನಾವು ಮಾಧ್ವರು" ಎಂದರು.

ನಿಜವಾದ ಮದ್ದು ಕೊಟ್ಟವನು ಮಾರ್ಕರ್. "ನೆಟ್ಟು ಕಂಬದತ್ರ ಮೂರೂವರೆ ಅಡಿ, ಮಧ್ಯದಾಗೆ ಮೂರೇ ಅಡಿ ಸಾ. ಮಧ್ಯದ ಮೇಲೆ ಅಡ್ಡಕ್ಕೆ ಹೊಡೀರಿ. ಅರ್ಧ ಅಡಿ ಮಿಗ್ತದೆ, ಕೋರ್ಟೂ ಉದ್ದ ಸಿಕ್ತದೆ." ಇದು ಸರಿಯಾದ ಲೆಕ್ಕ. ಖರ್ಚಿಲ್ಲದ ಲೆಕ್ಕ. ಅದಕ್ಕೇ ರಾಯರಿಗೆ ಹಿಡಿಸಲಿಲ್ಲ.

ಕಡೆಗೆ ಮನೆಯವರು, "ರೀ, ಒಂದ್ಸಲ ಗೋಪಾಲಸ್ವಾಮಿ ಬೆಟ್ಟಕ್ಕಾದರೂ ಹೋಗಿಬನ್ನಿ, ನಿಮ್ಮ ಸಿಡಿಮಿಡಿ ತಡೆಯೋಕಾಗಲ್ಲ" ಎಂದರು. ಶ್ರಾವಣದ ಶನಿವಾರ ಡಬಲ್ಸ್ ಆಡುವ ನಾಲ್ವರೂ ರಾಯರ ಕಾರಿನಲ್ಲಿ ಹೊರಟೆವು. ನಂಜನಗೂಡು, ಬೇಗೂರು ದಾಟಿ, ಗುಂಡ್ಲುಪೇಟೆ ಆಚೆ ರಸ್ತೆಯ ಎರಡೂ ಬದಿಗೆ ಹೊಲಗಟ್ಟಲೆ ಚೆಂಡುಹೂ. ದುಂಡಗೆ, ಹಳದಿಯಾಗಿ, ಸಾವಿರಾರು. ಒಂದನ್ನೂ ಸರಿಯಾಗಿ ಹೊಡೆಯಲಾಗದವರ ಸಂಕಟ ರಾಯರ ಮುಖದಲ್ಲಿ ಕಂಡಿತು. ಹಂಗಳದಲ್ಲಿ ಬಲಕ್ಕೆ ತಿರುಗುವ ತನಕ ಅವರು ಆ ಕಡೆ ನೋಡಲಿಲ್ಲ.

ಬೆಟ್ಟ ಬಂಡೀಪುರದ ಕಾಡಿನೊಳಗಿದೆ. ಸ್ವಂತ ಗಾಡಿ ಬುಡದಲ್ಲೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಮೇಲೆ ಹೋಗಬೇಕು. ಗೇಟಿನಲ್ಲಿ ಅರಣ್ಯ ಇಲಾಖೆಯವರು ಚೀಲ ನೋಡುತ್ತಾರೆ.

"ಉದ್ದದ ಬ್ಯಾಗಲ್ಲಿ ಏನ್ ಸಾ?"

"ರಾಕೆಟ್ಟು."

"ರಾಕೆಟ್ ಬುಡಂಗಿಲ್ಲ ಸಾ. ಬೀಡಿ, ಬೆಂಕಿಪಟ್ನಾನೇ ಬುಡಲ್ಲ ನಾವು. ಕಾಡು ಹತ್ಕಂದ್ರೆ ಯಾರು ಜವಾಬ್ದಾರಿ?"

ಹೊರತೆಗೆದು ತೋರಿಸಿದ ಮೇಲೆ ಬಿಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ, ಮಡಿಲಲ್ಲಿ ತುಳಸಿ ಹಾರದ ಪೊಟ್ಟಣ ಇಟ್ಟುಕೊಂಡವರು, ರಾಕೆಟ್ಟನ್ನು ಬಹಳ ಹೊತ್ತು ನೋಡಿ, "ಬೆಟ್ಟದ ಚಳಿಗೆ ಸೊಳ್ಳೆ ಇರಾಕಿಲ್ಲ ಕನಪ್ಪ" ಎಂದರು.

ಮೇಲೆ ಹೋದರೆ ಮಂಜು. ಗೋಪುರ ಅರ್ಧ ಕಾಣುತ್ತದೆ, ಅರ್ಧ ಇಲ್ಲ. 1315ರಲ್ಲಿ ಹೊಯ್ಸಳ ಬಲ್ಲಾಳನ ಕಾಲದಲ್ಲಿ ಕಟ್ಟಿದ ಗುಡಿ ಎನ್ನುತ್ತಾರೆ. ಅಂದಿನಿಂದ ಸಂತಾನ ಕೇಳಿದವರುಂಟು, ಮಳೆ ಕೇಳಿದವರುಂಟು. ಬ್ಯಾಕ್‌ಹ್ಯಾಂಡ್ ಕೇಳಿದವರು ರಾಯರೇ ಮೊದಲಿರಬೇಕು. ಒಳಗೆ ಮರದ ಕೆಳಗೆ ಕೊಳಲು ಹಿಡಿದ ವೇಣುಗೋಪಾಲ, ಕಾಲಿಗೆ ಕಾಲು ಅಡ್ಡ ಹಾಕಿ ನಿಂತಿದ್ದಾನೆ. ಅಂಥವನ ಹತ್ತಿರ ಫುಟ್‌ವರ್ಕ್ ಕೇಳುವುದು ಎಷ್ಟು ಸರಿ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ.

ಇಲ್ಲಿನ ಹಂಸತೀರ್ಥದಲ್ಲಿ ಮುಳುಗೆದ್ದ ಕಾಗೆಗಳು ಹಂಸಗಳಾದವಂತೆ, ಅದಕ್ಕೇ ಬೆಟ್ಟದಲ್ಲಿ ಕಾಗೆಯಿಲ್ಲವಂತೆ. ರಾಯರ ಕಣ್ಣು ಅರಳಿತು. "ಕಾಗೆಗೇ ಆಗಿದೆ ಅಂದ್ಮೇಲೆ..." ಎಂದು ರಾಕೆಟ್ಟನ್ನು ಅರ್ಚಕರ ಮುಂದೆ ಚಾಚಿದರು. ಅರ್ಚಕರು ಬೇಸರಿಸದೆ ಉದ್ಧರಣೆಯಲ್ಲಿ ತೀರ್ಥ ತೆಗೆದುಕೊಂಡು ಪ್ರೋಕ್ಷಿಸಲು ಕೈಯೆತ್ತಿದರು. ಅಷ್ಟರಲ್ಲಿ ರಾಯರಿಗೆ ನೆನಪಾಯಿತು: ಕರುಳಿನ ತಂತಿ, ಒದ್ದೆಯಾದರೆ ಬಿಗಿ ಹೋಗುತ್ತದೆ. ಭಕ್ತಿ ಒಂದು ಕಡೆ, ಐವತ್ತನಾಲ್ಕು ಪೌಂಡ್ ಬಿಗಿ ಒಂದು ಕಡೆ.

"ಸ್ವಾಮೀ, ತಂತಿಗೆ ಬೇಡ. ಹಿಡಿಗೆ ಮಾತ್ರ, ಒಂದೇ ಒಂದು ಹನಿ."

ಹಿಡಿಗೆ ಒಂದು ಹನಿ ಬಿತ್ತು. ಹೊರಗೆ ಬಂದರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಿಂಬದಿಯ ಇಳಿಜಾರಿನಲ್ಲಿ ಆನೆ ಇದೆ, ಆ ಕಡೆ ಹೋಗಬೇಡಿ ಎಂದು ಕಾವಲಿನವರು ಕೂಗುತ್ತಿದ್ದರು. ರಾಯರು ಮೆಟ್ಟಿಲ ಬಳಿ ಮಂಜಿನೊಳಗೆ ನಿಂತು ರಾಕೆಟ್ ಬೀಸಿದರು. ಭುಜ ತಿರುಗಿತು, ಮಂಡಿ ಬಗ್ಗಿತು, ಕೈ ನೀಳವಾಗಿ ಮುಂದೆ ಹೋಗಿ ಕಿವಿಯ ಮೇಲೆ ನಿಂತಿತು. ಸತ್ಯ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಚೆಂಡಿಲ್ಲ, ನೆಟ್ಟಿಲ್ಲ, ಎದುರಾಳಿ ಇಲ್ಲ, ಗೆರೆ ಇದ್ದರೂ ಕಾಣುವಂತಿಲ್ಲ. ಇನ್ನೊಮ್ಮೆ ಬೀಸಿದರು, ಮತ್ತೊಮ್ಮೆ ಬೀಸಿದರು. ಪುಳಿಯೋಗರೆ ತಿನ್ನುತ್ತಿದ್ದ ಒಂದು ಸಂಸಾರ ಎದ್ದು ದೂರ ಹೋಗಿ ಕೂತಿತು.

"ಬಂತು ಸಾರ್! ಫಾರ್ಮ್ ಬಂತು!"

ಆಮೇಲೆ ಫೋನ್ ತೆಗೆದು ಏನೋ ಹುಡುಕಿ ಇನ್ನೊಂದು ಬಾಂಬ್ ಹಾಕಿದರು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮದಲ್ಲಿ 1,219 ಮೀಟರಿಗಿಂತ ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಉಂಟು. ಗಾಳಿ ತೆಳುವಾದಷ್ಟೂ ಮಾಮೂಲಿ ಚೆಂಡು ವೇಗವಾಗಿ ಹಾರುತ್ತದೆ. ಈ ಬೆಟ್ಟ 1,454 ಮೀಟರು. "ಗೊತ್ತಾಯ್ತಾ? ನಾನು ಎತ್ತರದ ಆಟಗಾರ. ಮೈಸೂರು ಇದರ ಅರ್ಧ. ಅಷ್ಟು ಕೆಳಗೆ ನನ್ನ ಆಟ ಹೇಗೆ ಏಳುತ್ತೆ?"

ಸೋಮವಾರ ಬೆಳಗ್ಗೆ ರಾಯರು 6-1ರಲ್ಲಿ ಸೋತರು. ಆ ಒಂದು ಗೇಮೂ ಎದುರಿನವರ ಫೋನ್ ಬಂದಿದ್ದರಿಂದ ಸಿಕ್ಕಿದ್ದು. ಬೆಂಚಿಗೆ ಬಂದು ಕೂತು, ನೀಕ್ಯಾಪ್ ಕೆಳಗೆ ಸರಿಸಿ, ನಿಟ್ಟುಸಿರು ಬಿಟ್ಟರು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ನೆಮ್ಮದಿ. ಈಗ ಅವರ ಹತ್ತಿರ ಸಾಕ್ಷಿ ಇದೆ. ಫಾರ್ಮ್ ಇತ್ತು, ಕಂಡವರು ಮೂವರಿದ್ದಾರೆ.

"ಹಂಗಳದ ತನಕ ಇತ್ತು ಸಾರ್. ಬೇಗೂರಲ್ಲಿ ಟೀ ಕುಡಿಯುವಾಗಲೂ ಇತ್ತು. ಆಮೇಲೆ ಎಲ್ಲಿ ಹೋಯ್ತೋ."

ಚೆಂಡು ಆಯುತ್ತಿದ್ದ ಮಾರ್ಕರ್ ತಲೆ ಎತ್ತಲಿಲ್ಲ. "ಕಾರಲ್ಲಿ ಎಸಿ ಹಾಕಿದ್ರಾ ಸಾ? ಎಸಿಗೆ ಆರೋಯ್ತದೆ."

ರಾಯರು ನನ್ನ ಕಡೆ ತಿರುಗಿದರು. "ಹಾಕಿದ್ವಾ?"