ಕೂದಲೆಳೆ ಕಾಕಾ

ಬೆಳಗಾವಿಯ ಖಡೇಬಜಾರಿನ ಹಿಂದುಮುಂದಿನ ಯಾವ ಗಲ್ಲಿ ಹೊಕ್ಕರೂ ಒಂದು ಡಿಟಿಪಿ ಅಂಗಡಿ, ಅದರೊಳಗೆ ಒಬ್ಬ ಕಾಕಾ ಸಿಗುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಗಿರಾಕಿಗಳ ಬಾಯಲ್ಲಿ ಅವರು ಕೂದಲೆಳೆ ಕಾಕಾ. ಮನೆ ಖಾನಾಪುರ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ದೇಸೂರು ದಾಟುವಷ್ಟರಲ್ಲಿ ಎದುರಿನವರ ಕೈಯಲ್ಲಿದ್ದ ಪೇಪರನ್ನು ಅವರು ಪೂರ್ತಿ ನೋಡಿರುತ್ತಾರೆ. ಓದುವುದಿಲ್ಲ, ನೋಡುತ್ತಾರೆ. ಸರಕಾರ ಬಿತ್ತೋ ಉಳಿಯಿತೋ ಎಂದು ಕೇಳಿದರೆ ಗೊತ್ತಿರುವುದಿಲ್ಲ. "ಹೆಡ್ಡಿಂಗ್ ಒಳಗ ಸರದೈತ್ರಿ" ಎಂದು ಮಾತ್ರ ಸೂತಕದ ಮನೆಯ ದನಿಯಲ್ಲಿ ಹೇಳಿ, ಪೇಪರ್ ಹಿಡಿದವರು ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವಂತೆ ಮಾಡುತ್ತಾರೆ.

ಅವರ ತಕರಾರು ಇಷ್ಟು: ತಲೆಬರಹದ ಎಡ ಅಂಚು, ಅದರ ಕೆಳಗಿನ ಸಣ್ಣಕ್ಷರದ ಎಡ ಅಂಚು ಕಂಪ್ಯೂಟರಿನ ಲೆಕ್ಕದಲ್ಲಿ ಒಂದೇ ಗೆರೆಯ ಮೇಲಿದ್ದರೂ ಕಣ್ಣಿನ ಲೆಕ್ಕದಲ್ಲಿ ಇರುವುದಿಲ್ಲ. ಇದು ನೂರಕ್ಕೆ ನೂರು ನಿಜ. ಅವರ ಜೊತೆ ಬದುಕುವುದು ಕಷ್ಟವಾಗುವುದೂ ಅದಕ್ಕೇ. ಪ್ರತಿ ಅಕ್ಷರದ ಪಕ್ಕೆಗೂ ಒಂದು ಚೂರು ಬಿಳಿ ಜಾಗ ಅಂಟಿಕೊಂಡೇ ಬರುತ್ತದೆ, ಇಲ್ಲದಿದ್ದರೆ ಅಕ್ಷರಗಳು ಒಂದರ ಮೈಗೆ ಒಂದು ಹತ್ತಿಬಿಡುತ್ತವೆ. ಅಕ್ಷರ ದೊಡ್ಡದಾದರೆ ಆ ಬಿಳಿಯೂ ದೊಡ್ಡದಾಗಬೇಕು. 12 ಪಾಯಿಂಟಿನಲ್ಲಿ ಅರ್ಧ ಪಾಯಿಂಟ್ ಇದ್ದದ್ದು 72 ಪಾಯಿಂಟಿನ ತಲೆಬರಹದಲ್ಲಿ ಮೂರು ಪಾಯಿಂಟ್. ವ್ಯತ್ಯಾಸ ಒಂದು ಮಿಲಿಮೀಟರಿಗೆ ತುಸು ಕಡಿಮೆ. ಸಾಲದ್ದಕ್ಕೆ ನಮ್ಮ ಲಿಪಿಗೆ ನೆಟ್ಟಗೆ ನಿಂತು ರೂಢಿಯೇ ಇಲ್ಲ. 'ಬೆಳಗಾವಿ'ಯ ಬಕಾರ ಹೊಟ್ಟೆಯ ತುದಿಯಿಂದಷ್ಟೇ ಗೆರೆ ಮುಟ್ಟಿ, ಉಳಿದ ಮೈಯನ್ನು ಹಿಂದಕ್ಕೆಳೆದುಕೊಂಡು ಕೂರುತ್ತದೆ. ಮಂತ್ರಿಗಳ ಹೇಳಿಕೆಯಾದರಂತೂ ಉದ್ಧರಣ ಚಿಹ್ನೆ ಮೊದಲು ಬಂದು ಕುರ್ಚಿ ಹಿಡಿದು, ಅಕ್ಷರವನ್ನು ಇನ್ನೂ ಒಳಗೆ ತಳ್ಳುತ್ತದೆ. ಕಾಕಾ ಆ ಚಿಹ್ನೆಯನ್ನು ಎತ್ತಿ ಅಂಚಿನ ಹೊರಗೆ ನೇತುಹಾಕುತ್ತಾರೆ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದ ಹೊತ್ತಿಗೆ ಬ್ಯಾನರಿನಿಂದ ಹೊರಬಿದ್ದ ಚಿಹ್ನೆ ಕಂಡರೆ ಅದು ಅವರ ಕೈಗುಣ.

ಇನ್‌ಡಿಸೈನ್ ತಂತ್ರಾಂಶದಲ್ಲಿ ಇದಕ್ಕೆಂದೇ 'ಆಪ್ಟಿಕಲ್ ಮಾರ್ಜಿನ್' ಎಂಬ ಸೌಕರ್ಯವಿದೆ. ಕಾಕಾ ನಂಬುವುದಿಲ್ಲ. 2001ರ ಪೇಜ್‌ಮೇಕರ್ 7ರಲ್ಲೇ ನುಡಿ, ಶ್ರೀಲಿಪಿ ಫಾಂಟ್ ಹಾಕಿಕೊಂಡು, ತಲೆಬರಹವನ್ನು ಬೇರೆ ಬ್ಲಾಕ್ ಮಾಡಿ, ಬಾಣದ ಕೀಲಿ ಒತ್ತೊತ್ತಿ ಎಡಕ್ಕೆ ಸರಿಸುತ್ತಾರೆ. ಒಂದು ಒತ್ತು, ಕುರ್ಚಿ ಹಿಂದಕ್ಕೆ, ಒಂದು ಕಣ್ಣು ಮುಚ್ಚು, ಉಸಿರು ಬಿಡು, ಮತ್ತೊಂದು ಒತ್ತು. "ನಮ್ಮ ಗುರುಗಳು ಅಚ್ಚಿನ ಕಟಗಿ ಮೊಳಿ ಪಕ್ಕಾ ಕಾನಸಿಲೆ ಉಜ್ಜಿ ಉಜ್ಜಿ ಅಂಚ ಕೂಡಸ್ತಿದ್ರು. ನಾವೇನ್ ಬಿಡ್ರಿ, ಆರಾಮಖೋರರು."

ಅಂಗಡಿಗಳ ಬೋರ್ಡಿನಲ್ಲಿ ಕನ್ನಡ 60 ಪರ್ಸೆಂಟ್ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂಬ ಕಾಯ್ದೆ 2024ರಲ್ಲಿ ಬಂದಾಗ ಊರೆಲ್ಲ ಪರ್ಸೆಂಟಿನ ಮಾತಾಡಿತು. ಕಾಕಾ ಮಾತ್ರ ನಿಟ್ಟುಸಿರಿಟ್ಟರು: "ಎಷ್ಟ್ ದೊಡ್ಡದು ಅಂತ ಹೇಳ್ಯಾರ, ಎಲ್ಲಿಂದ ಸುರು ಅಂತ ಹೇಳಿಲ್ಲಲ್ರಿ." ಬೀಗರನ್ನು ಹಲಸಿಯ ಗುಡಿಗೆ ಕರೆದೊಯ್ದರೂ ಇದೇ ಕತೆ. ಎಲ್ಲರೂ ಭೂವರಾಹ ನರಸಿಂಹನಿಗೆ ಕೈ ಮುಗಿಯುತ್ತಿದ್ದರೆ ಇವರು ಶಾಸನದ ಕಲ್ಲಿನ ಎಡಬದಿಗೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿರುತ್ತಾರೆ. ತೀರ್ಪು: "ಹೆಡ್ಡಿಂಗ್ ಇಲ್ಲ, ಪಾರಾದ್ರು."

ಅವರ ಪರಾಕ್ರಮ ನೋಡಬೇಕಾದರೆ ಲಗ್ನಸರಾಯಿಗೆ ಹೋಗಬೇಕು. ಖಾನಾಪುರದ ಕಡೆಯ ಲಗ್ನಪತ್ರಿಕೆ ಒಮ್ಮೊಮ್ಮೆ ಒಂದು ಮಗ್ಗುಲು ಮರಾಠಿ, ಒಂದು ಮಗ್ಗುಲು ಕನ್ನಡ. ನಾಗರಿ ಲಿಪಿಗೆ ತಲೆಯ ಮೇಲೆ ನೆಟ್ಟನೆಯ ಗೆರೆ. ಗೆರೆಯ ತುದಿಯೇ ಅಂಚು, ಜಗಳವಿಲ್ಲ. ಕನ್ನಡದ ತಲೆಕಟ್ಟು ಅಕ್ಷರಕ್ಕೊಂದು ಕಡೆ ಬಾಗುತ್ತದೆ. ಎರಡನ್ನೂ ಸಮ ಕಾಣಿಸುವ ಹೊತ್ತಿಗೆ ಕಾಕಾರ ಊಟ ಆರಿರುತ್ತದೆ. ಗಡಿ ವಿವಾದವೆಂದರೆ ಅವರಿಗೆ ಇದೊಂದೇ.

ಪ್ರೂಫ್ ನೋಡಲು ಗಿರಾಕಿಯ ಜೊತೆ ಒಬ್ಬ ಸೋದರಮಾವ ಬಂದೇ ಬರುತ್ತಾನೆ. ನಿವೃತ್ತ ಮಾಸ್ತರ, ಜೇಬಿನಲ್ಲಿ ಸ್ಕೇಲು. 'ಶುಭವಿವಾಹ'ದ ಎಡಕ್ಕೆ ಸ್ಕೇಲಿಟ್ಟು ಹುಬ್ಬು ಗಂಟಿಕ್ಕುತ್ತಾನೆ.

"ಕಾಕಾ, ಇದು ಹೊರಗ ಬಂದೈತಲ್ಲ."

"ಬಂದಿಲ್ರಿ, ತಂದೇನಿ."

"ಸ್ಕೇಲ್ ಸುಳ್ಳ ಹೇಳತೈತೇನು?"

"ಸ್ಕೇಲಿಗೆ ಕಣ್ಣಿಲ್ರಿ ಮಾಸ್ತರ. ಲಗ್ನಕ್ಕ ಬರಾವ್ರು ಕಣ್ಣ ಹಚ್ಚಿ ನೋಡ್ತಾರ, ಸ್ಕೇಲ್ ಹಚ್ಚಿ ನೋಡಂಗಿಲ್ಲ."

ಮಾಸ್ತರ ಚಹಾ ಕುಡಿದು ಸೋಲುತ್ತಾನೆ. ಗೆದ್ದ ಕಾಕಾ ಫೈಲನ್ನು ಪ್ರೆಸ್ಸಿಗೆ ಕಳಿಸುತ್ತಾರೆ. ಅಲ್ಲಿ ಪ್ಲೇಟು ಮಾಡುವ ಹುಡುಗ ಒಳ್ಳೆಯವನು, ಇದೇ ಅಪಾಯ. ತಲೆಬರಹ ಗೆರೆ ದಾಟಿದ್ದು ಕಂಡು, ಕಾಕಾಗೆ ವಯಸ್ಸಾಯಿತು ಪಾಪ ಎಂದು ಕ್ಲಿಕ್ಕಿಸಿ ಒಳಗೆ ಸೇರಿಸಿ ಉಪಕಾರ ಮಾಡುತ್ತಾನೆ. ಆಮೇಲೆ ಕಟಿಂಗ್ ಮಶೀನಿನವನು. ತಂಬಾಕು ಮೆಲ್ಲುತ್ತ ಐನೂರು ಕಾರ್ಡನ್ನು ಒಟ್ಟಿಗೆ ತಳ್ಳಿ ಕತ್ತಿ ಇಳಿಸಿದರೆ, ಒಂದು ಬದಿ ಎರಡು ಮಿಲಿಮೀಟರ್ ಹೆಚ್ಚು ಹೋಗಿರುತ್ತದೆ. ಕಾಕಾ ಕಾದಾಡಿದ್ದು ಒಂದು ಮಿಲಿಮೀಟರಿಗಾಗಿ.

ಹೋದ ಲಗ್ನಸರಾಯಿಯಲ್ಲಿ ಒಂದು ಕಾರ್ಡಿನ ಮೇಲೆ ಮಾತ್ರ ಯಾರ ಉಪಕಾರವೂ ಆಗಲಿಲ್ಲ. ಪ್ಲೇಟಿನ ಹುಡುಗ ರಜೆಯಲ್ಲಿದ್ದ, ಕಟಿಂಗಿನ ಪಕ್ಕದಲ್ಲಿ ಕಾಕಾ ತಾವೇ ನಿಂತಿದ್ದರು. ಕಾರ್ಡು ಕೈಗೆ ಬಂದಾಗ ದೂರ ಹಿಡಿದರು, ಸಮೀಪ ಹಿಡಿದರು, ತಲೆಕೆಳಗು ಮಾಡಿ ನೋಡಿದರು, ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಸಂಜೆ ಮಾಸ್ತರ ಬಂದು ಸ್ಕೇಲು ತೆಗೆಯದೆ, ಕನ್ನಡಕ ಏರಿಸಿ, ಜನ್ಮದಲ್ಲಿ ಕಾಕಾ ಮಾಡದ ಕೆಲಸ ಮಾಡಿದ. ಓದಿದ.

"ಕಾಕಾ, ಲಗ್ನ ರವಿವಾರ. ನೀವು ಸೋಮವಾರ ಹಾಕೀರಿ."

ಅಂಗಡಿ ಸ್ತಬ್ಧವಾಯಿತು. ಕಾಕಾ ಕಾರ್ಡನ್ನು ಮತ್ತೆ ತೋಳಿನಷ್ಟು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಚಲೋ ಆತು ಬಿಡ್ರಿ ಮಾಸ್ತರ. ನನ್ನ ರೊಕ್ಕದಾಗ ಇನ್ನೊಮ್ಮಿ ಹೊಡಿಸ್ತೇನಿ. 'ಸೋ' ಅಲ್ಲಿ ಸ್ವಲ್ಪ ಒಳಗ ಕುಂತಿತ್ತು, ಬೆಳಿಗ್ಗಿಂದ ನನಗೂ ಅನಮಾನ ಇತ್ತು."